ಆಟಕ್ಕೆ ಮೊದಲಿನ ಮಾತು



ಇಂದು ನಾನು ಶಾಲೆಯ ಕೋಣೆಯೊಳಗೆ ಕೂತು ಆಡುವ ಆಟಗಳ ಬಗ್ಗೆ ಮಾತಾಡುತ್ತೇನೆ. ಚೌಕಾಬಾರ, ಪಗಡೆ, ಹುಲಿ-ಕುರಿ, ಹಾವು-ಏಣಿ. ಈಗ ಬೋರ್ಡ್ ಗೇಮ್ ಎನ್ನುತ್ತಾರಲ್ಲ, ಅವೇ. ಇವು ಮಕ್ಕಳಿಗೆ ಲೆಕ್ಕ ಕಲಿಸುತ್ತವೆ ಎಂದು ನೀವು ಕೇಳಿರುತ್ತೀರಿ. ಅದು ನಿಜ. ಆದರೆ ಇಂದು ನನ್ನ ಗಮನ ಇನ್ನೊಂದರ ಮೇಲೆ. ನಾಲ್ಕು ಮಕ್ಕಳು ಆಟದ ಸುತ್ತ ಕೂತ ಕೂಡಲೇ, ಮೊದಲ ಕವಡೆ ಬೀಳುವುದಕ್ಕೂ ಮುಂಚೆ, ಒಂದು ಗದ್ದಲ ಏಳುತ್ತದೆ. “ನಮ್ಮ ಮನ್ಯಾಗ ಹಂಗ ಆಡೂದಿಲ್ಲ.” “ಕಡದ್ರ ಇನ್ನೊಂದು ಆಟ ಐತಿ.” “ಇಲ್ಲ, ಯಾರ್ ಹೇಳ್ಯಾರ ನಿನಗ?” ಈ ಗದ್ದಲವೇ ಇಂದಿನ ವಿಷಯ. ಇನ್ನೊಬ್ಬರ ಜೊತೆ ಬಾಳುವ ಪಾಠ ಮಕ್ಕಳಿಗೆ ಸಿಗುವುದು ಅಲ್ಲೇ ಎಂದು ನಾನು ನಂಬಿದ್ದೇನೆ. ಬೆಳಗಾವಿ ನಗರದ ಶಾಲೆಗಳಿಗೂ ಖಾನಾಪುರ ತಾಲ್ಲೂಕಿನ ಶಾಲೆಗಳಿಗೂ ಆ ಪಾಠ ತುಂಬ ಬೇಕಾಗಿದೆ.

ಮೊದಲು ಆಟ ಬರೆಯೋಣ. ಕಣ್ಣು ಮುಚ್ಚಿಕೊಂಡು ನನ್ನ ಜೊತೆ ಬರೆಯಿರಿ. ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಚೌಕ. ಅಡ್ಡಕ್ಕೆ ಐದು ಮನೆ, ಉದ್ದಕ್ಕೆ ಐದು ಮನೆ. ಒಟ್ಟು 25. ನಾಲ್ಕೂ ಬದಿಯಲ್ಲಿ ನಡುವಿನ ಮನೆಗೆ ಒಂದೊಂದು ಗುಣಾಕಾರದ ಗುರುತು ಹಾಕಿ. ಅವು ಕಟ್ಟೆಗಳು. ಕಟ್ಟೆಯಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ, ಅಂದರೆ ಹೊಡೆದು ಹೊರಹಾಕುವಂತಿಲ್ಲ. ನಟ್ಟನಡುವಿನ ಮನೆಗೂ ಅದೇ ಗುರುತು. ಅಲ್ಲಿಗೆ ಮುಟ್ಟಿದ ಕಾಯಿ ಹಣ್ಣಾಯಿತು ಎನ್ನುತ್ತೇವೆ. ನಾಲ್ವರು ನಾಲ್ಕು ಬದಿಗೆ ಕೂರುತ್ತಾರೆ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಬಳೆಚೂರು, ಹರಳು, ಗುಂಡಿ, ಏನಿದ್ದರೂ ಆದೀತು. ಎಸೆಯಲು ನಾಲ್ಕು ಕವಡೆ. ಕವಡೆ ಇಲ್ಲವೇ? ನಾಲ್ಕು ಹುಣಸೆ ಬೀಜ ತೆಗೆದುಕೊಂಡು ಒಂದು ಮಗ್ಗುಲನ್ನು ಕಲ್ಲಿಗೆ ತೇಯಿರಿ. ಒಳಗಿನ ಬಿಳುಪು ಕಾಣುತ್ತದೆ. ಅಷ್ಟೇ ಸಾಕು. ಬಿಳಿ ಮೇಲಾಗಿ ಬಿದ್ದವನ್ನು ಎಣಿಸಬೇಕು. ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ ಎಂಟು. ಕಾಯಿ ಮೊದಲು ಹೊರಗಿನ 16 ಮನೆ ಸುತ್ತುತ್ತದೆ. ಆಮೇಲೆ ಒಳಗಿನ 8 ಮನೆ. ಆಮೇಲೆ ಹಣ್ಣು.

ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ತಕರಾರು ಈಗ ಶುರು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಗಿನ ಸುತ್ತಿಗೆ ಹೋಗಬಹುದೇ? ಕೆಲವು ಮನೆಗಳಲ್ಲಿ ಹೋಗುವಂತಿಲ್ಲ. ಕೆಲವು ಮನೆಗಳಲ್ಲಿ ಹೋಗಬಹುದು. ಚೌಕ ಬಿದ್ದರೆ ಇನ್ನೊಂದು ಎಸೆತ ಉಂಟೇ? ಮೂರು ಸಲ ಸಾಲಾಗಿ ಬಿದ್ದರೆ ಆ ಎಣಿಕೆ ಉಳಿಯುತ್ತದೆಯೇ, ಹಾಳಾಗುತ್ತದೆಯೇ? ಒಂದೇ ಮನೆಯಲ್ಲಿ ಕೂತ ಎರಡು ಕಾಯಿ ಗಟ್ಟಿಯೋ, ಅಲ್ಲವೋ? ಅಜ್ಜಿ ಹೇಳಿಕೊಟ್ಟದ್ದು ಒಂದು. ಓಣಿಯಲ್ಲಿ ಕಲಿತದ್ದು ಇನ್ನೊಂದು. ಇದಕ್ಕೆಲ್ಲ ಎಲ್ಲರೂ ಒಪ್ಪಿದ ಒಂದು ಪುಸ್ತಕವಿಲ್ಲ. ಪುಸ್ತಕವಿಲ್ಲದ್ದರಿಂದಲೇ ಮಕ್ಕಳು ಮಾತಾಡಬೇಕಾಗುತ್ತದೆ. ನಿನ್ನ ಮನೆಯ ನಿಯಮ ಏನು ಎಂದು ಕೇಳಬೇಕಾಗುತ್ತದೆ. ತನ್ನ ಮನೆಯ ನಿಯಮವನ್ನು ಸ್ವಲ್ಪ ಬಿಡಬೇಕಾಗುತ್ತದೆ.

ಹೀಗೆ ಆಟಕ್ಕೆ ಮೊದಲು ಒಪ್ಪಂದ ಬೇಕು. ಇದು ನನ್ನ ಮೊದಲ ಮಾತು. ಹಾಗಾದರೆ ಎಷ್ಟು ವಯಸ್ಸಿನ ಮಕ್ಕಳಿಗೆ ಈ ಒಪ್ಪಂದ ಸಾಧ್ಯ?

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಇದನ್ನೇ ಕೇಳಿಕೊಂಡರು. ಅವರು ಗೋಲಿ ಆಡುವ ಹುಡುಗರ ಜೊತೆ ಕೂತು, ಈ ನಿಯಮ ಎಲ್ಲಿಂದ ಬಂತು, ಇದನ್ನು ಬದಲಿಸಬಹುದೇ ಎಂದು ಕೇಳುತ್ತ ಹೋದರು. 1932ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ಅವರು ಕಂಡದ್ದು ಹೀಗಿದೆ. ಐದಾರು ವರ್ಷದ ಮಕ್ಕಳು ಒಟ್ಟಿಗೆ ಕೂತರೂ ಒಬ್ಬೊಬ್ಬರೂ ತಮ್ಮ ಪಾಡಿಗೆ ತಾವು ಆಡುತ್ತಾರೆ. ಎಲ್ಲರೂ ತಾವೇ ಗೆದ್ದೆವು ಎನ್ನುತ್ತಾರೆ. ಅವರಿಗಿಂತ ಸ್ವಲ್ಪ ದೊಡ್ಡವರಿಗೆ ನಿಯಮವೆಂದರೆ ದೇವರು ಕೊಟ್ಟದ್ದು, ಹಿರಿಯರು ಕೊಟ್ಟದ್ದು. ಅದನ್ನು ಮುಟ್ಟುವಂತಿಲ್ಲ. ಸುಮಾರು ಹತ್ತು ವರ್ಷದ ಹೊತ್ತಿಗೆ ಮಗುವಿಗೆ ಇನ್ನೊಂದು ವಿಷಯ ಹೊಳೆಯುತ್ತದೆ. ನಿಯಮವನ್ನು ನಾವೇ ಮಾಡಿಕೊಂಡದ್ದು. ಎಲ್ಲರೂ ಒಪ್ಪಿದರೆ ಬದಲಿಸಬಹುದು. ಒಪ್ಪಿದ ಮೇಲೆ ಪಾಲಿಸಬೇಕು.

ಹತ್ತು ವರ್ಷ ಎಂದರೆ ನಮ್ಮ ಶಾಲೆಗಳಲ್ಲಿ ನಾಲ್ಕನೆಯ, ಐದನೆಯ ತರಗತಿ. ಈಗ ಆ ತರಗತಿಗಳಲ್ಲಿ ಮಕ್ಕಳು ಹೇಗೆ ಕೂರುತ್ತಾರೆ ಎಂದು ನೆನಪಿಸಿಕೊಳ್ಳಿ. ಒಂದರಿಂದ ಮೂರರವರೆಗೆ ಕರ್ನಾಟಕದಲ್ಲಿ ನಲಿ-ಕಲಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ ಪದ್ಧತಿ ಅದು. 2009ರಿಂದ ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಬಂತು. ಅಲ್ಲಿ ಮಕ್ಕಳು ತಟ್ಟೆಗಳಾಗಿ, ಅಂದರೆ ಗುಂಪುಗಳಾಗಿ, ನೆಲದ ಮೇಲೆ ಸುತ್ತ ಕೂರುತ್ತಾರೆ. ಕಲಿಕಾ ಏಣಿ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಾಠ, ಹತ್ತುತ್ತಾರೆ. ಕಾರ್ಡು ಹಿಡಿಯುತ್ತಾರೆ. ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ನಾಲ್ಕನೆಯ ತರಗತಿಗೆ ಬಂದರೆ ಸಾಲು ಸಾಲಾಗಿ ಕಪ್ಪುಹಲಗೆಗೆ ಮುಖ ಮಾಡಿ ಕೂರುವುದು ಶುರುವಾಗುತ್ತದೆ. ಪಕ್ಕದವಳ ಮುಖ ಕಾಣುವುದಿಲ್ಲ. ಮುಂದಿನವನ ಬೆನ್ನು ಮಾತ್ರ ಕಾಣುತ್ತದೆ. ನಿಯಮ ಮಾಡಿಕೊಳ್ಳುವ ಬುದ್ಧಿ ಬರುವ ವಯಸ್ಸಿನಲ್ಲೇ ನಾವು ಮಕ್ಕಳನ್ನು ಆಟದಿಂದ ಎಬ್ಬಿಸುತ್ತೇವೆ. ಇದು ತಪ್ಪು ಎಂದು ನಾನು ನೇರವಾಗಿ ಹೇಳುತ್ತೇನೆ. ನಾಲ್ಕರಿಂದ ಏಳನೆಯ ತರಗತಿಯವರೆಗೆ ವಾರಕ್ಕೊಂದು ಅವಧಿ ಈ ಆಟಗಳಿಗೆ ಸಿಗಬೇಕು.

ಮಕ್ಕಳು ಮನೆಯಲ್ಲಿ ಮೊಬೈಲಿನಲ್ಲಿ ಲೂಡೋ ಆಡುತ್ತಾರಲ್ಲ, ಸಾಲದೇ ಎಂದು ಕೆಲವರು ಕೇಳುತ್ತಾರೆ. ಲೂಡೋ ಪಗಡೆಯ ಬಳಗದ ನಮ್ಮ ಪಚೀಸಿಯ ಮಗು. 1896ರಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಅದು ತಿರುಗಿ ನಮ್ಮ ಮನೆಗೆ ಬಂದು, ಈಗ ಮೊಬೈಲಿನೊಳಗೆ ಕೂತಿದೆ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಚಿಕ್ಕ ಮಕ್ಕಳ ತರಗತಿಗಳು ತೆರೆಯಲು ಒಂದೂವರೆ ವರ್ಷ ಹಿಡಿಯಿತು. ಆಗ ಎಷ್ಟೋ ಮಕ್ಕಳಿಗೆ ಇದೇ ಜೊತೆಗಾರ. ಅದರ ಮೇಲೆ ನನಗೆ ದ್ವೇಷವಿಲ್ಲ. ಆದರೆ ಒಂದನ್ನು ಗಮನಿಸಿ. ಮೊಬೈಲಿನಲ್ಲಿ ನಿಯಮವನ್ನು ಯಂತ್ರವೇ ಕಾಯುತ್ತದೆ. ಯಾರ ಸರದಿ ಎಂದು ಅದೇ ಹೇಳುತ್ತದೆ. ತಪ್ಪು ಮನೆಗೆ ಕಾಯಿ ನಡೆಸಲು ಅದು ಬಿಡುವುದಿಲ್ಲ. ಮೋಸ ಸಾಧ್ಯವಿಲ್ಲ. ಆದ್ದರಿಂದ ಪ್ರಾಮಾಣಿಕನಾಗಿರಬೇಕಾದ ಸಂದರ್ಭವೂ ಇಲ್ಲ. ಸೋಲುವ ಹೊತ್ತಿಗೆ ಆಟದಿಂದ ಹೊರಬರಲು ಒಂದು ಬೆರಳು ಸಾಕು. ನೆಲದ ಮೇಲಿನ ಆಟದಲ್ಲಿ ಎದ್ದು ಹೋದರೆ ಉಳಿದ ಮೂವರು ಮುಖ ನೋಡುತ್ತಾರೆ. ನಾಳೆ ಮತ್ತೆ ಅವರ ಪಕ್ಕದಲ್ಲೇ ಕೂರಬೇಕು.

ಇದುವರೆಗೆ ಎರಡು ಮಾತಾಯಿತು. ಒಪ್ಪಂದ ಬೇಕು, ಮತ್ತು ಅದಕ್ಕೆ ಸರಿಯಾದ ವಯಸ್ಸು ನಾಲ್ಕನೆಯ ತರಗತಿಯಿಂದ. ಇನ್ನು ಬೆಳಗಾವಿಗೆ ಬರೋಣ.

ಬೆಳಗಾವಿ ನಗರದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಕೆಲವೆಡೆ ಆವರಣ ಒಂದೇ, ಬಾಗಿಲು ಬೇರೆ. ಶಹಾಪುರ, ವಡಗಾವಿ, ಖಾಸಬಾಗ, ಅನಗೋಳದ ಓಣಿಗಳಲ್ಲಿ ಮಕ್ಕಳು ಸಂಜೆ ಒಟ್ಟಿಗೆ ಆಡುತ್ತಾರೆ, ಬೆಳಿಗ್ಗೆ ಬೇರೆ ಬೇರೆ ಶಾಲೆಗೆ ಹೋಗುತ್ತಾರೆ. ಕನ್ನಡ ಶಾಲೆಯಲ್ಲೇ ಮನೆಮಾತು ಮರಾಠಿ, ಉರ್ದು, ಕೊಂಕಣಿ ಆಗಿರುವ ಮಕ್ಕಳಿದ್ದಾರೆ. ಕರ್ನಾಟಕ-ಮಹಾರಾಷ್ಟ್ರ ಗಡಿಯ ವಾದ ದೊಡ್ಡವರದು. ಅದರ ಬಿಸಿ ಮಾತ್ರ ಮಕ್ಕಳಿಗೂ ತಟ್ಟುತ್ತದೆ.

ಚೌಕಾಬಾರ ಇಲ್ಲಿ ಬಹಳ ಉಪಕಾರಿ. ಅದು ಯಾವ ಒಂದು ಭಾಷೆಯ ಆಸ್ತಿಯೂ ಅಲ್ಲ. ಮರಾಠಿ ಮನೆಗಳಲ್ಲಿ ಇದೇ ಚೌಕ ಚಲ್ಲಸ್ ಆಠ್. ತೆಲುಗರಲ್ಲಿ ಅಷ್ಟಾಚೆಮ್ಮ. ತಮಿಳರಲ್ಲಿ ತಾಯಂ. ಬೆಳಗಾವಿಯ ನಾಲ್ಕು ಮಕ್ಕಳನ್ನು ಇದರ ಸುತ್ತ ಕೂರಿಸಿದರೆ ಯಾರೂ ಹೊರಗಿನವರಾಗುವುದಿಲ್ಲ. ಎಲ್ಲರೂ ತಮ್ಮ ಅಜ್ಜಿಯ ಆಟವನ್ನೇ ಆಡುತ್ತಿರುತ್ತಾರೆ.

ಬರೀ ಕೂರಿಸಿದರೆ ಸಾಕೇ? ಸಾಲದು. ಅಮೆರಿಕದ ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಪೂರ್ವಗ್ರಹದ ಮೇಲೆ ಒಂದು ದೊಡ್ಡ ಪುಸ್ತಕ ಬರೆದರು. ಬೇರೆ ಬೇರೆ ಗುಂಪಿನವರು ಹತ್ತಿರ ಬಂದ ಮಾತ್ರಕ್ಕೆ ಸ್ನೇಹ ಬೆಳೆಯುವುದಿಲ್ಲ ಎಂದರು. ಇಬ್ಬರಿಗೂ ಸಮಾನ ಸ್ಥಾನ ಇರಬೇಕು. ಗುರಿ ಒಂದೇ ಇರಬೇಕು. ಅದನ್ನು ಮುಟ್ಟಲು ಒಬ್ಬರಿಗೊಬ್ಬರು ಬೇಕಾಗಬೇಕು. ಮೇಲಿನವರ ಬೆಂಬಲವೂ ಇರಬೇಕು. ಶಾಲೆಯಲ್ಲಿ ಮೇಲಿನವರೆಂದರೆ ಶಿಕ್ಷಕರು.

ನಾಲ್ವರೂ ಒಬ್ಬರ ವಿರುದ್ಧ ಒಬ್ಬರು ಆಡಿದರೆ ಗುರಿ ಒಂದಾಗುವುದಿಲ್ಲ. ಇದಕ್ಕೆ ಪರಿಹಾರವನ್ನು ನಮ್ಮ ಹಿರಿಯರೇ ಪಗಡೆಯಲ್ಲಿ ಇಟ್ಟಿದ್ದಾರೆ. ಪಗಡೆಯ ಹಾಸು ಕೂಡುವ ಗುರುತಿನ ಆಕಾರದ್ದು. ನಾಲ್ಕು ತೋಳು. ನಾಲ್ವರು ಆಡಿದರೂ ಪಕ್ಷ ಎರಡೇ. ಎದುರುಬದುರು ಕೂತವರು ಜೊತೆಗಾರರು. ನನ್ನ ಕಾಯಿಗಳೆಲ್ಲ ಹಣ್ಣಾದರೂ ನಾನು ಗೆದ್ದಂತಲ್ಲ. ನನ್ನ ಜೊತೆಗಾರಳ ಕಾಯಿಗಳೂ ಹಣ್ಣಾಗಬೇಕು. ಈ ಒಂದು ನಿಯಮವನ್ನು ಚೌಕಾಬಾರಕ್ಕೂ ತನ್ನಿ. ಕನ್ನಡ ಮನೆಮಾತಿನ ಹುಡುಗಿಯ ಎದುರಿಗೆ ಮರಾಠಿ ಮನೆಮಾತಿನ ಹುಡುಗಿಯನ್ನು ಜೊತೆಗಾರಳಾಗಿ ಕೂರಿಸಿ. ಜಾಣ ಹುಡುಗನ ಎದುರಿಗೆ ಮಾತೇ ಆಡದ ಹುಡುಗನನ್ನು ಕೂರಿಸಿ. ಆಟ ಗೆಲ್ಲಬೇಕೆಂದರೆ ಅವನನ್ನು ಮಾತಾಡಿಸಲೇಬೇಕು. ಯಾವ ಕಾಯಿ ನಡೆಸಲಿ, ಕಟ್ಟೆಯಲ್ಲಿರುವುದನ್ನೋ, ಹಿಂದಿರುವುದನ್ನೋ? ಕೇಳಲೇಬೇಕು. ಜೋಡಿಯನ್ನು ಶಿಕ್ಷಕರೇ ಆರಿಸಬೇಕು. ಮಕ್ಕಳಿಗೆ ಬಿಟ್ಟರೆ ಗೆಳೆಯರು ಗೆಳೆಯರ ಜೊತೆಯೇ ಕೂರುತ್ತಾರೆ.

ಬೆಳಗಾವಿಯಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್ ಹೋದರೆ ಖಾನಾಪುರ. ಅಲ್ಲಿಯ ಪರಿಸ್ಥಿತಿಯೇ ಬೇರೆ. ನಗರದಲ್ಲಿ ಒಂದೇ ಕೋಣೆಯಲ್ಲಿ ಬಹಳ ಮಕ್ಕಳು ಇರುವುದುಂಟು. ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಿ ಇಡೀ ಶಾಲೆಗೇ ಹತ್ತು-ಹದಿನೈದು ಮಕ್ಕಳು ಇರುವುದುಂಟು. ಶಿಕ್ಷಕರು ಒಬ್ಬರೋ ಇಬ್ಬರೋ. ಒಂದನೆಯ ತರಗತಿಯ ಮಗುವೂ ಐದನೆಯ ತರಗತಿಯ ಮಗುವೂ ಒಂದೇ ಕೋಣೆಯಲ್ಲಿ. ಜೂನ್‌ನಿಂದ ಕಣಕುಂಬಿ, ಜಾಂಬೋಟಿ ಕಡೆ ಮಳೆ ಹಿಡಿಯಿತೆಂದರೆ ಬಿಡುವ ಮಾತೇ ಇಲ್ಲ. ಆಟದ ಮೈದಾನ ಕೆಸರು. ದೈಹಿಕ ಶಿಕ್ಷಣದ ಅವಧಿಯಲ್ಲಿ ಮಕ್ಕಳು ಕೋಣೆಯಲ್ಲಿ ಸುಮ್ಮನೆ ಕೂರುತ್ತಾರೆ. ಮಳೆಗಾಲದ ಈ ತಿಂಗಳುಗಳೇ ಕೂತು ಆಡುವ ಆಟಗಳ ಸುಗ್ಗಿಯಾಗಬೇಕು.

ದೊಡ್ಡವರು ಚಿಕ್ಕವರು ಕೂಡಿರುವ ಇಂಥ ಕೋಣೆಗೆ ನಾನು ಹೇಳುವ ಆಟ ಹುಲಿ-ಕುರಿ. ಇದರಲ್ಲಿ ಎರಡು ಪಕ್ಷ ಸಮಾನವಲ್ಲ. ಒಂದು ರೂಪದಲ್ಲಿ ಹುಲಿ 3, ಕುರಿ 15. ಹುಲಿ ಜಿಗಿದು ಕುರಿಯನ್ನು ತಿನ್ನುತ್ತದೆ. ಕುರಿ ಜಿಗಿಯುವಂತಿಲ್ಲ, ತಿನ್ನುವಂತಿಲ್ಲ. ಅದಕ್ಕಿರುವ ದಾರಿ ಒಂದೇ. ಒಂದರ ಬೆನ್ನಿಗೆ ಒಂದು ನಿಂತು, ಹುಲಿಗೆ ಹೆಜ್ಜೆಯಿಡಲು ಜಾಗವಿಲ್ಲದಂತೆ ಮಾಡುವುದು. ಹುಲಿಯನ್ನು ಐದನೆಯ ತರಗತಿಯ ಒಬ್ಬ ಆಡಲಿ. ಕುರಿಯ ಪಕ್ಷವನ್ನು ಮೂರು-ನಾಲ್ಕು ಚಿಕ್ಕ ಮಕ್ಕಳು ಸೇರಿ ಆಡಲಿ. ಪ್ರತಿ ನಡೆಗೂ ಅವರು ತಮ್ಮೊಳಗೆ ಮಾತಾಡಿ ಒಂದು ತೀರ್ಮಾನಕ್ಕೆ ಬರಬೇಕು. ಅವಸರದ ಮಗು ಕಾಯುವುದನ್ನು ಕಲಿಯುತ್ತದೆ. ಪುಟ್ಟ ಮಗು ಒಂದು ಒಳ್ಳೆಯ ನಡೆ ಹೇಳಿದಾಗ ಅವರಲ್ಲೇ ಸ್ವಲ್ಪ ದೊಡ್ಡ ಮಗು ಕೇಳಿಸಿಕೊಳ್ಳಬೇಕಾಗುತ್ತದೆ. ಇನ್ನು ಈ ಆಟದ ಕಾಯಿಗಳು. ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು. ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದು ಅಲ್ಲೇ. ಮಕ್ಕಳೇ ಜೇಡಿಮಣ್ಣಿನಿಂದ ಹುಲಿ, ಕುರಿ ಮಾಡಲಿ. ತಾವೇ ಮಾಡಿದ ಕಾಯಿಯನ್ನು ಮಕ್ಕಳು ಕಳೆಯುವುದಿಲ್ಲ.

ಇಲ್ಲಿಯವರೆಗೆ ಹಳೆಯ ಆಟಗಳ ಮಾತಾಯಿತು. ಇನ್ನು ಹೊಸ ಆಟಗಳು. ಅಂಗಡಿಯಲ್ಲಿ ಶೈಕ್ಷಣಿಕ ಆಟ ಎಂಬ ಹೆಸರಿನಲ್ಲಿ ಡಬ್ಬಿಗಳು ಸಿಗುತ್ತವೆ. ದಾಳ ಹಾಕು, ಪ್ರಶ್ನೆಗೆ ಉತ್ತರಿಸು, ಮುಂದೆ ಹೋಗು. ಉತ್ತರ ಗೊತ್ತಿದ್ದವನು ಗೆಲ್ಲುತ್ತಾನೆ. ಗೊತ್ತಿಲ್ಲದವನು ಮತ್ತೊಮ್ಮೆ ಎಲ್ಲರ ಮುಂದೆ ತಲೆ ತಗ್ಗಿಸುತ್ತಾನೆ. ಇದು ಪರೀಕ್ಷೆ, ವೇಷ ಮಾತ್ರ ಆಟದ್ದು. ಇಂಥದಕ್ಕೆ ಶಾಲೆಯ ಹಣ ಹಾಕಬೇಡಿ ಎನ್ನುತ್ತೇನೆ.

ಪಾಠವನ್ನು ಆಟದಲ್ಲಿ ತರಲೇಬೇಕೆಂದರೆ ಬೇರೆ ದಾರಿಯಿದೆ. 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ ಬಿಳಿಯ, ಕರಿಯ ಮತ್ತು ಮೆಕ್ಸಿಕನ್ ಮೂಲದ ಮಕ್ಕಳನ್ನು ಹೊಸದಾಗಿ ಒಂದೇ ತರಗತಿಯಲ್ಲಿ ಕೂರಿಸಿದ್ದರು. ಜಗಳವೋ ಜಗಳ. ಆಗ ಮನೋವಿಜ್ಞಾನಿ ಎಲಿಯಟ್ ಆರನ್‌ಸನ್ ಮತ್ತು ಅವರ ವಿದ್ಯಾರ್ಥಿಗಳು ಪಾಠವನ್ನೇ ತುಂಡು ಮಾಡಿ, ಒಂದು ಗುಂಪಿನ ಒಬ್ಬೊಬ್ಬ ಮಗುವಿಗೆ ಒಂದೊಂದು ತುಂಡು ಕೊಟ್ಟರು. ಇಡೀ ಪಾಠ ತಿಳಿಯಬೇಕೆಂದರೆ ಎಲ್ಲರ ಮಾತನ್ನೂ ಕೇಳಲೇಬೇಕು. ಯಾರನ್ನೂ ಹಂಗಿಸಿ ಬಾಯಿ ಮುಚ್ಚಿಸುವಂತಿಲ್ಲ.

ಇದನ್ನು ನಮ್ಮ ನದಿಗೆ ಹೊಂದಿಸಿ ನೋಡಿ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಸುಮಾರು 300 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಒಂದು ದೊಡ್ಡ ಹಾಳೆಯ ಮೇಲೆ ಆ ದಾರಿ ಬರೆಯಿರಿ. ಖಾನಾಪುರ, ಸವದತ್ತಿಯ ನವಿಲುತೀರ್ಥ ಅಣೆಕಟ್ಟು, ಪಟ್ಟದಕಲ್ಲು, ಐಹೊಳೆ, ಕೊನೆಗೆ ಸಂಗಮ. ಕಾಯಿ ಒಂದೇ, ಅದು ನಾಲ್ವರದೂ. ಒಂದೊಂದು ಮಗುವಿನ ಕೈಯಲ್ಲಿ ಒಂದೊಂದು ಊರಿನ ಚೀಟಿ. ಚೀಟಿ ಇದ್ದವಳು ತನ್ನ ಊರಿನ ವಿಷಯ ಹೇಳಬೇಕು. ಪಕ್ಕದವನು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಇಬ್ಬರದೂ ಹೊಂದಿದರೆ ಕಾಯಿ ಮುಂದೆ. ಗಂಟೆ ಬಾರಿಸುವುದರೊಳಗೆ ಸಂಗಮ ಮುಟ್ಟಿದರೆ ಎಲ್ಲರೂ ಗೆದ್ದರು. ಮುಟ್ಟದಿದ್ದರೆ ಎಲ್ಲರೂ ಸೋತರು.

ಎಲ್ಲರೂ ಕೂಡಿ ಗೆಲ್ಲುವ ಆಟದಿಂದ ಫಲವಿದೆಯೇ? ಚಿಕ್ಕ ಮಕ್ಕಳಲ್ಲಿ ಇದೆ. 1994ರಲ್ಲಿ ಅಮೆರಿಕದ ಮೂವರು ಸಂಶೋಧಕರು ನಾಲ್ಕು ಬಾಲವಾಡಿಗಳ ಸುಮಾರು 70 ಮಕ್ಕಳನ್ನು ಗಮನಿಸಿ ವರದಿ ಬರೆದರು. ನಾಲ್ಕೈದು ವರ್ಷದ ಮಕ್ಕಳು ಅವರು. ಕೂಡಿ ಗೆಲ್ಲುವ ಆಟ ಆಡಿದಾಗ ಮಕ್ಕಳಲ್ಲಿ ಹೊಡೆದಾಟ ಇಳಿಯಿತು, ಸಹಕಾರ ಏರಿತು. ಒಬ್ಬರನ್ನೊಬ್ಬರು ಸೋಲಿಸುವ ಆಟದಲ್ಲಿ ಇದರ ತಿರುಗುಮುರುಗು. ಆದ್ದರಿಂದ ಒಂದು, ಎರಡನೆಯ ತರಗತಿಗೆ ಕೂಡಿ ಗೆಲ್ಲುವ ಆಟವೇ ಇರಲಿ. ದೊಡ್ಡ ಮಕ್ಕಳಿಗೆ ಸೋಲು-ಗೆಲುವಿನ ಆಟ ಬೇಕು, ಆದರೆ ಜೋಡಿಯಾಗಿ. ಸೋಲುವುದನ್ನೂ ಎಲ್ಲಾದರೂ ಕಲಿಯಬೇಕಲ್ಲ.

ಈಗ ಶಿಕ್ಷಕರಿಗೆ ಒಂದು ಮಾತು. ನಿಮ್ಮ ಅವಧಿ ಸುಮಾರು 40 ನಿಮಿಷ. ಮೊದಲ ಐದು-ಆರು ನಿಮಿಷ ಮಕ್ಕಳಿಗೆ ಬಿಡಿ. ನಾಲ್ವರೂ ಒಪ್ಪಿದ ನಿಯಮಗಳನ್ನು ಆಟದ ಪಕ್ಕದಲ್ಲೇ ಸೀಮೆಸುಣ್ಣದಿಂದ ಬರೆಯಲಿ. ನಾಲ್ಕು ಸಾಲು ಸಾಕು. ಆಟ ನಡೆಯುವಾಗ “ಸರ್ರೀ, ಇಂವ ಮೋಸ ಮಾಡಾಕತ್ತಾನ್ರೀ” ಎಂಬ ದೂರು ಬಂದೇ ಬರುತ್ತದೆ. ಆಗ ನ್ಯಾಯಾಧೀಶರಾಗಬೇಡಿ. ಬೈಯಬೇಡಿ. ಆಟ ಅಳಿಸಬೇಡಿ. ಒಂದೇ ಪ್ರಶ್ನೆ ಕೇಳಿ: “ಮೊದಲ ಏನ್ ಒಪ್ಪಿದ್ರಿ?” ಅವರು ಬರೆದ ಸಾಲನ್ನು ಓದುತ್ತಾರೆ. ಅದರಲ್ಲಿ ಉತ್ತರವಿಲ್ಲದಿದ್ದರೆ ಹೊಸ ಸಾಲು ಬರೆದುಕೊಳ್ಳುತ್ತಾರೆ. ಕೊನೆಯ ಐದು ನಿಮಿಷ ಎಲ್ಲರೂ ಸುತ್ತ ಕೂತು ಮಾತಾಡಲಿ. ಯಾವ ನಿಯಮ ಸರಿ ಬರಲಿಲ್ಲ? ಮುಂದಿನ ವಾರ ಏನು ಬದಲಿಸೋಣ? ಯಾರು ಸಹಾಯ ಮಾಡಿದರು?

ಇದಕ್ಕೆ ಅಂಕ ಕೊಡಬೇಡಿ. ಕೈಮುಗಿದು ಹೇಳುತ್ತೇನೆ. ಸಹಕಾರಕ್ಕೆ ಹತ್ತಕ್ಕೆ ಎಂಟು ಎಂದು ಬರೆದ ಕ್ಷಣ ಮಕ್ಕಳು ನಿಮ್ಮ ಕಣ್ಣಿಗೆ ಕಾಣುವಂತೆ ಸಹಕರಿಸುತ್ತಾರೆ, ಬೆನ್ನು ತಿರುಗಿಸಿದರೆ ಬಿಡುತ್ತಾರೆ. ಬದಲಿಗೆ ಒಂದು ವಹಿ ಇಟ್ಟುಕೊಳ್ಳಿ. ಯಾರು ತಮ್ಮ ಸರದಿಗೆ ಕಾಯಲಾರರು, ಯಾರು ಸೋತಾಗ ಅಳುತ್ತಾರೆ, ಯಾರನ್ನು ಯಾರೂ ಕರೆಯುವುದಿಲ್ಲ, ಬರೆದುಕೊಳ್ಳಿ. ಮುಂದಿನ ವಾರದ ಜೋಡಿ ಮಾಡಲು ಅದೇ ಆಧಾರ.

ಪಾಲಕರಿಗೂ ಒಂದು ಮಾತು. ಶಾಲೆಯಲ್ಲಿ ಕವಡೆ ಆಡಿಸುತ್ತಾರೆ, ಇದು ಜೂಜಲ್ಲವೇ ಎಂದು ನೀವು ಕೇಳುವುದು ನ್ಯಾಯ. ಪಗಡೆಯಿಂದ ಪಾಂಡವರು ರಾಜ್ಯ ಕಳೆದುಕೊಂಡದ್ದನ್ನು ಗದುಗಿನ ಭಾರತದಲ್ಲಿ ಕೇಳಿ ಬೆಳೆದ ನಾಡು ನಮ್ಮದು. ಆದರೆ ಕೆಡಿಸಿದ್ದು ಪಣ. ಪಣವಿಲ್ಲದ ಆಟವನ್ನು ಹಿರಿಯರು ಪಾಠವಾಗಿಯೇ ಕಂಡಿದ್ದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಶ್ರೀತತ್ತ್ವನಿಧಿ ಗ್ರಂಥದಲ್ಲಿ ಆಟಗಳಿಗಾಗಿಯೇ ಕೌತುಕನಿಧಿ ಎಂಬ ಭಾಗ ಇಟ್ಟರು. ಹಾವು-ಏಣಿಯ ಹಳೆಯ ರೂಪವಾದ ಮೋಕ್ಷಪಟವನ್ನು ಸಂತ ಜ್ಞಾನೇಶ್ವರರೇ ಮಾಡಿದರು ಎಂಬ ನಂಬಿಕೆ ಮರಾಠಿ ಸಂಪ್ರದಾಯದಲ್ಲಿದೆ. ಶಾಲೆಯ ಆಟದಲ್ಲಿ ಪೆನ್ಸಿಲ್, ಚಾಕೊಲೇಟ್ ಕೂಡ ಪಣವಾಗಬಾರದು. ಅಷ್ಟನ್ನು ಶಿಕ್ಷಕರು ಕಾಯ್ದರೆ ನೀವು ಹೆದರಬೇಕಾಗಿಲ್ಲ. ಮನೆಯಲ್ಲಿ ಅಜ್ಜಿಯರಿದ್ದರೆ ಒಂದು ಶನಿವಾರ ಶಾಲೆಗೆ ಕಳಿಸಿಕೊಡಿ. ಒಂದೇ ಆಟಕ್ಕೆ ಎಷ್ಟು ಬಗೆಯ ನಿಯಮಗಳಿವೆ ಎಂದು ಮಕ್ಕಳು ಅವರಿಂದಲೇ ಕೇಳಲಿ.

ಖರ್ಚಿನ ಮಾತು ಎರಡೇ ವಾಕ್ಯ. ಸೀಮೆಸುಣ್ಣ ಶಾಲೆಯಲ್ಲಿದೆ, ಹುಣಸೆ ಬೀಜ ಅಡುಗೆ ಮನೆಯಲ್ಲಿದೆ. ಅಳಿಸಿಹೋಗದ ಚೌಕ ಬೇಕೆಂದರೆ ಒಂದು ಡಬ್ಬಿ ಎಣ್ಣೆಬಣ್ಣ ಸಾಕು.

ಬೆಳಗಾವಿ, ಖಾನಾಪುರದ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರೇ, ನನ್ನ ಕೋರಿಕೆ ನಿಮ್ಮಲ್ಲಿ. ಬರುವ ಸಭೆಯಲ್ಲಿ ಈ ವಿಷಯ ಎತ್ತಿರಿ. ಶಾಲೆಯ ಪಡಸಾಲೆಯ ನೆಲಕ್ಕೆ ನಾಲ್ಕು ಚೌಕಾಬಾರ, ಎರಡು ಹುಲಿ-ಕುರಿ ಬರೆಸಿ. ನಾಲ್ಕನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ವಾರಕ್ಕೊಂದು ಅವಧಿ ಕೊಡುವಂತೆ ಮುಖ್ಯೋಪಾಧ್ಯಾಯರನ್ನು ಕೇಳಿ. ಒಂದೇ ಆವರಣದಲ್ಲಿ ಎರಡು ಮಾಧ್ಯಮದ ಶಾಲೆಗಳಿದ್ದರೆ ಆ ಅವಧಿಯನ್ನು ಎರಡಕ್ಕೂ ಒಂದೇ ಹೊತ್ತಿಗೆ ಇಡಿಸಿ. ಮಳೆಗಾಲ ಶುರುವಾಗುವ ಮೊದಲೇ ಬಣ್ಣ ಒಣಗಬೇಕು, ಆದ್ದರಿಂದ ಮೇ ತಿಂಗಳಲ್ಲೇ ಕೆಲಸ ಮುಗಿಸಿ.